ಚೀಟಿ ನೋಡುವ ಮೊದಲು ಉಸಿರು ನೋಡಿ

ಬೋರ್ಡಿನ ಮೇಲೆ ಮೂರು ಸಂಖ್ಯೆ ಬರೆದೆ. ಪಿಎಚ್ 7.27, ಸಿಓಟು 58, ಬೈಕಾರ್ಬ್ 26. ಸೀಮೆಸುಣ್ಣ ಕೆಳಗಿಡುವಷ್ಟರಲ್ಲಿ ಎರಡನೇ ಬೆಂಚಿನಿಂದ ಉತ್ತರ ಬಂತು.

"ಅನ್‌ಕಾಂಪೆನ್ಸೇಟೆಡ್ ರೆಸ್ಪಿರೇಟರಿ ಅಸಿಡೋಸಿಸ್, ಮೇಡಂ."

ಉತ್ತರ ಸರಿ ಇತ್ತು. ಪರೀಕ್ಷೆಯಲ್ಲಾಗಿದ್ದರೆ ಪೂರ್ತಿ ಅಂಕ. ನಾನು ಇನ್ನೊಂದು ಪ್ರಶ್ನೆ ಕೇಳಿದೆ. "ಸರಿ. ಈಗ ಹೇಳು, ಈ ರೋಗಿ ಹೇಗೆ ಉಸಿರಾಡ್ತಿದ್ದಾರೆ?"

ಇಡೀ ಕ್ಲಾಸು ಸುಮ್ಮನಾಯಿತು. ಪುಸ್ತಕದ ಹಾಳೆ ತಿರುವುವ ಸದ್ದು ಮಾತ್ರ. ಕೊನೆಗೆ ಹಿಂದಿನ ಸಾಲಿನ ಹುಡುಗಿ ಮೆಲ್ಲಗೆ ಕೇಳಿದಳು, "ಅದು ರಿಪೋರ್ಟಿನಲ್ಲಿ ಇರಲ್ಲ ಅಲ್ವಾ ಮೇಡಂ?"

ಇರುತ್ತದೆ. ಆ ರಿಪೋರ್ಟಿನಲ್ಲಿ ಮುಖ್ಯವಾಗಿ ಇರುವುದೇ ಅದು. ನರ್ಸಿಂಗ್ ವಿದ್ಯಾರ್ಥಿಗಳಿಗೆ ಬ್ಲಡ್ ಗ್ಯಾಸ್ ಪಾಠ ಮಾಡಲು ಶುರು ಮಾಡಿ ಬಹಳ ವರ್ಷ ಆಯಿತು. ಪ್ರತಿ ಬ್ಯಾಚಿನಲ್ಲೂ ಈ ಪ್ರಶ್ನೆಗೆ ಇದೇ ಮೌನ. ಹೆಸರು ಹೇಳಲು ಎಲ್ಲರಿಗೂ ಬರುತ್ತದೆ. ಆ ಹೆಸರಿನ ಹಿಂದೆ ಮಲಗಿರುವ ಮನುಷ್ಯ ಕಣ್ಣಿಗೆ ಕಾಣುವುದಿಲ್ಲ.

ನರ್ಸಿಂಗ್ ಓದದವರಿಗೆ ಎರಡು ಮಾತು. ಎಬಿಜಿ ಅಂದರೆ ಅಪಧಮನಿಯ ರಕ್ತದ ಪರೀಕ್ಷೆ. ನಾಡಿ ಹಿಡಿದು ನೋಡುವ ಜಾಗದಲ್ಲೇ ಸಣ್ಣ ಸೂಜಿ ಹಾಕಿ ಒಂದೆರಡು ಎಂಎಲ್ ರಕ್ತ ತೆಗೆಯುತ್ತೇವೆ. ಯಂತ್ರಕ್ಕೆ ಕೊಟ್ಟರೆ ಕೆಲವೇ ನಿಮಿಷದಲ್ಲಿ ಒಂದು ಚೀಟಿ ಬರುತ್ತದೆ. ರಕ್ತದಲ್ಲಿ ಆಮ್ಲ ಎಷ್ಟಿದೆ ಅಂತ ಪಿಎಚ್ ಹೇಳುತ್ತದೆ, ಸಂಖ್ಯೆ ಇಳಿದಷ್ಟೂ ಆಮ್ಲ ಜಾಸ್ತಿ. 7.35ರಿಂದ 7.45ರ ಒಳಗೆ ಇರಬೇಕು. ಕಾರ್ಬನ್ ಡೈಆಕ್ಸೈಡ್ ಒತ್ತಡ 35ರಿಂದ 45 ಮಿಲಿಮೀಟರ್. ವಾರ್ಡಿನಲ್ಲಿ ಅದನ್ನು ಸಿಓಟು ಅಂತಲೇ ಕರೆಯುತ್ತೇವೆ. ಆಮ್ಲವನ್ನು ತಗ್ಗಿಸುವ ಬೈಕಾರ್ಬನೇಟ್, ಅಂದರೆ ಬೈಕಾರ್ಬ್, 22ರಿಂದ 26. ಆಮ್ಲಜನಕದ ಒತ್ತಡ ಸುಮಾರು 80ರಿಂದ 100.

ಈ ಸಿಓಟು ಮೈಯಲ್ಲಿ ಪ್ರತಿ ಕ್ಷಣವೂ ತಯಾರಾಗುತ್ತಲೇ ಇರುತ್ತದೆ. ಅದು ಹೊರಗೆ ಹೋಗುವುದು ಉಸಿರಿನ ಜೊತೆಗೆ. ಉಸಿರು ಸಾಲದಿದ್ದರೆ ಒಳಗೇ ಉಳಿದು ರಕ್ತದ ಆಮ್ಲ ಏರಿಸುತ್ತದೆ. ಹಾಗಾಗಿ ಬೋರ್ಡಿನ ಮೇಲಿನ 58 ಹೇಳುತ್ತಿರುವುದು ಒಂದೇ ಮಾತು: ಈ ರೋಗಿಯ ಉಸಿರು ಸಾಲುತ್ತಿಲ್ಲ. ಬೈಕಾರ್ಬನ್ನು ನೋಡಿಕೊಳ್ಳುವುದು ಮೂತ್ರಪಿಂಡ. ಅದರ ಕೆಲಸ ನಿಧಾನ, ಪೂರ್ತಿಯಾಗಲು ಮೂರರಿಂದ ಐದು ದಿನ ಬೇಕು. ಇಲ್ಲಿ ಬೈಕಾರ್ಬ್ ಇನ್ನೂ 26. ಅಂದರೆ ಮೂತ್ರಪಿಂಡಕ್ಕೆ ಸಮಯವೇ ಸಿಕ್ಕಿಲ್ಲ. ಎರಡನೇ ಬೆಂಚಿನಿಂದ ಬಂದ ಆ ಉದ್ದ ಹೆಸರಿನ ಅರ್ಥ ಇಷ್ಟೇ: ಉಸಿರು ಸಾಲದೆ ರಕ್ತದಲ್ಲಿ ಆಮ್ಲ ಏರಿದೆ, ಮೂತ್ರಪಿಂಡ ಅದನ್ನು ಇನ್ನೂ ಸರಿದೂಗಿಸಿಲ್ಲ. ಈ ತೊಂದರೆ ಶುರುವಾಗಿದ್ದು ಇವತ್ತೇ, ಬಹುಶಃ ಕೆಲವು ಗಂಟೆಗಳ ಹಿಂದೆ. ಈ ರೋಗಿಗೆ ಮಂಪರು ಹತ್ತುತ್ತಿರಬಹುದು. ಕೂಗಿದರೆ ತಡವಾಗಿ ಕಣ್ಣು ಬಿಡಬಹುದು.

ಇಷ್ಟು ಹೇಳಿ ಪಕ್ಕದಲ್ಲಿ ಇನ್ನೊಂದು ಸಾಲು ಬರೆದೆ. 7.37, 60, 34. "ಈ ಇಬ್ಬರಲ್ಲಿ ನೀವು ಯಾರ ಹತ್ತಿರ ಮೊದಲು ಓಡ್ತೀರಿ?"

60 ಜಾಸ್ತಿ ಅಲ್ವಾ, ಹಾಗಾಗಿ ಅರ್ಧ ಕ್ಲಾಸು ಎರಡನೆಯವರ ಕಡೆ ಕೈ ತೋರಿಸಿತು. ಎರಡನೆಯವರು ವರ್ಷಗಟ್ಟಲೆ ಶ್ವಾಸಕೋಶದ ಕಾಯಿಲೆಯಿಂದ ನರಳಿದವರು. ಅವರ ಸಿಓಟು ದಿನವೂ ಅಷ್ಟೇ ಇರುತ್ತದೆ. ಮೂತ್ರಪಿಂಡ ಬೈಕಾರ್ಬನ್ನು 34ಕ್ಕೆ ಏರಿಸಿಕೊಂಡು ಪಿಎಚ್ ಅನ್ನು ಸಮಕ್ಕೆ ತಂದಿದೆ. ಅವರು ದಿಂಬಿಗೆ ಒರಗಿ ಕೂತು ನಿಮ್ಮ ಜೊತೆ ಮಾತಾಡುತ್ತಿರಬಹುದು. ಅವರಿಗೆ ಆಮ್ಲಜನಕವನ್ನು ಅಳೆದು ಕೊಡಬೇಕು, ಸ್ಯಾಚುರೇಷನ್, ಅಂದರೆ ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ನಿನ ಪ್ರಮಾಣ, ನೂರಕ್ಕೆ 88ರಿಂದ 92ರ ನಡುವೆ ಇದ್ದರೆ ಸಾಕು. ಮೊದಲನೆಯವರ ಹತ್ತಿರ ಮಾತ್ರ ಈ ಕ್ಷಣವೇ ಓಡಬೇಕು. 58ಕ್ಕೂ 60ಕ್ಕೂ ನಡುವೆ ಇರುವುದು ಎರಡೇ ಅಂಕಿ. ಮಂಚದ ಮೇಲೆ ಮಲಗಿರುವ ಇಬ್ಬರಿಗೂ ಅಜಗಜಾಂತರ.

ನನಗೆ ಈ ಪಾಠ ಕಲಿಸಿದ್ದು ಬಾಣದ ಗುರುತುಗಳ ಮೂಲಕ. ಪಿಎಚ್ ಕೆಳಗೆ, ಸಿಓಟು ಮೇಲೆ, ಬಾಣಗಳು ವಿರುದ್ಧ ದಿಕ್ಕಿಗೆ ಹೋದರೆ ರೆಸ್ಪಿರೇಟರಿ, ಅಂದರೆ ಉಸಿರಿನಿಂದ ಬಂದ ತೊಂದರೆ. ಪಿಎಚ್, ಬೈಕಾರ್ಬ್ ಎರಡೂ ಒಂದೇ ಕಡೆ ಹೋದರೆ ಮೆಟಬಾಲಿಕ್, ಅಂದರೆ ತೊಂದರೆ ಶುರುವಾಗಿದ್ದು ಉಸಿರಿನಿಂದ ಅಲ್ಲ. ಇದಕ್ಕೆ ರೋಮ್ ಅನ್ನುವ ಸೂತ್ರ ಇದೆ, ನರ್ಸಿಂಗ್ ಓದಿದ ಬಹಳ ಜನರಿಗೆ ಗೊತ್ತು. ಮೂರು ಕಾಲಂ ಬರೆದು ಸಂಖ್ಯೆಗಳನ್ನು ತುಂಬುವ ಇನ್ನೊಂದು ಉಪಾಯವೂ ಇದೆ. ಇವು ಕೆಟ್ಟವಲ್ಲ. ನಾನೂ ಕಲಿಸುತ್ತೇನೆ. ನೀರಿಗೆ ಇಳಿಯುವ ಮೊದಲು ದಡದಲ್ಲಿ ಕೈಕಾಲು ಆಡಿಸಿ ಅಭ್ಯಾಸ ಮಾಡಿದ ಹಾಗೆ. ಆದರೆ ಅಲ್ಲಿಗೇ ನಿಲ್ಲಿಸಿಬಿಟ್ಟರೆ ತೊಂದರೆ. ಎಲ್ಲ ಸಂಖ್ಯೆಗಳೂ ನಾರ್ಮಲ್ ಇದ್ದಾಗ ಹಾಕಲು ಬಾಣವೇ ಇರುವುದಿಲ್ಲ. ಬಾಣವಿಲ್ಲದ ಚೀಟಿ ಎಷ್ಟು ಅಪಾಯದ್ದು ಅಂತ ನನಗೆ ತಿಳಿದದ್ದು ಒಂದು ರಾತ್ರಿ.

ಆಗ ಕೆಲಸಕ್ಕೆ ಸೇರಿ ಎರಡನೇ ವರ್ಷ. ನೈಟ್ ಡ್ಯೂಟಿ. ಉಬ್ಬಸ ಜೋರಾಗಿ ಒಬ್ಬ ಹೆಂಗಸನ್ನು ಕರೆತಂದಿದ್ದರು. ಮೂವತ್ತರ ಆಸುಪಾಸಿನ ವಯಸ್ಸು. ಹತ್ತು ಗಂಟೆಗೆ ಬಂದಾಗ ನಿಮಿಷಕ್ಕೆ 36 ಸಲ ಉಸಿರಾಡುತ್ತಿದ್ದರು. ಎದೆಯ ಸುಯ್ ಸುಯ್ ಸದ್ದು ಬಾಗಿಲ ತನಕ ಕೇಳಿಸುತ್ತಿತ್ತು. ಮೊದಲ ಎಬಿಜಿಯಲ್ಲಿ ಪಿಎಚ್ 7.48, ಸಿಓಟು 29. ನೆಬುಲೈಸರ್ ಹಾಕಿದೆವು, ಸ್ಟೀರಾಯ್ಡ್ ಕೊಟ್ಟೆವು, ಆಮ್ಲಜನಕದ ಮಾಸ್ಕ್ ಇಟ್ಟೆವು. ಹನ್ನೆರಡೂವರೆಗೆ ಎರಡನೇ ಚೀಟಿ ಬಂತು. 7.37, 41, 23. ಸ್ಯಾಚುರೇಷನ್ 95. ಉಸಿರು 24ಕ್ಕೆ ಇಳಿದಿತ್ತು. ಸುಯ್ ಸದ್ದೂ ನಿಂತಿತ್ತು.

ನನಗೆ ಎಷ್ಟು ಸಮಾಧಾನ ಆಯಿತೆಂದರೆ, ಕೇಸ್ ಶೀಟಿನಲ್ಲಿ "ಎಬಿಜಿ ನಾರ್ಮಲ್" ಅಂತ ಬರೆದು ಪಕ್ಕದ ಮಂಚಕ್ಕೆ ಹೋದೆ.

ಸ್ವಲ್ಪ ಹೊತ್ತಿಗೆ ಹಿರಿಯ ಸಿಸ್ಟರ್ ಬಂದರು. ಚೀಟಿ ಅವರ ಕೈಗೆ ಕೊಡಲು ಹೋದೆ. ಅವರು ತೆಗೆದುಕೊಳ್ಳಲಿಲ್ಲ. ನೇರ ಮಂಚದ ಹತ್ತಿರ ಹೋಗಿ, ರೋಗಿಯ ಭುಜದ ಮೇಲೆ ಕೈಯಿಟ್ಟು, "ಹೆಸರೇನಮ್ಮಾ?" ಅಂದರು. ರೋಗಿ ಕಣ್ಣೆತ್ತಿ ನೋಡಿದರು. ತುಟಿ ಅಲುಗಿತು. ಮಾತು ಹೊರಡಲಿಲ್ಲ. ಸಿಸ್ಟರ್ ಎದೆಗೆ ಸ್ಟೆತೊಸ್ಕೋಪ್ ಇಟ್ಟು ಕೇಳಿದರು, ಆಮೇಲೆ ಅದನ್ನು ನನ್ನ ಕಿವಿಗೆ ಹಾಕಿದರು. ನಾನು ಸುಯ್ ಸದ್ದಿಗಾಗಿ ಕಾದೆ. ಏನೂ ಇಲ್ಲ. ಗಾಳಿ ಒಳಗೆ ಹೋಗುವ ಸದ್ದೇ ಇಲ್ಲ.

"ಮೊದಲು 29 ಇತ್ತು, ಈಗ 41," ಅಂದರು ಅವರು. "ಇಷ್ಟು ಉಬ್ಬಸ ಇರೋರಿಗೆ 41 ಹೇಗಮ್ಮಾ ನಾರ್ಮಲ್? ಇವರು ಸೋತು ಹೋಗ್ತಿದ್ದಾರೆ. ಡಾಕ್ಟರನ್ನ ಕರಿ, ಓಡು."

ಉಬ್ಬಸದಲ್ಲಿ ಮೊದಲು ಜೋರು ಜೋರಾಗಿ ಉಸಿರಾಡುವುದರಿಂದ ಸಿಓಟು ಹೊರಗೆ ಹೋಗಿ ಕಡಿಮೆಯಾಗುತ್ತದೆ. 29 ಅನ್ನುವುದು ಹೋರಾಟದ ಗುರುತು. ಎದೆಯ ಸ್ನಾಯುಗಳು ದಣಿದಂತೆ ಉಸಿರು ಚಿಕ್ಕದಾಗುತ್ತದೆ, ಸಿಓಟು ಒಳಗೆ ಉಳಿಯಲು ಶುರುವಾಗುತ್ತದೆ. 29ರಿಂದ 60ಕ್ಕೆ ಏರುವ ದಾರಿಯಲ್ಲಿ ಅದು 41ನ್ನು ದಾಟಿಯೇ ಹೋಗಬೇಕು. ನಾನು ಅದನ್ನು ನೋಡಿದ್ದು ಆ ದಾಟುವ ಗಳಿಗೆಯಲ್ಲಿ. ಸದ್ದು ನಿಂತದ್ದು ಉಬ್ಬಸ ಇಳಿದದ್ದರಿಂದ ಅಲ್ಲ. ಸದ್ದು ಮಾಡಲು ಬೇಕಾದಷ್ಟು ಗಾಳಿಯೇ ಓಡಾಡುತ್ತಿರಲಿಲ್ಲ. ಆ ರಾತ್ರಿ ಅವರಿಗೆ ಟ್ಯೂಬ್ ಹಾಕಿ ವೆಂಟಿಲೇಟರಿಗೆ ಸೇರಿಸಿದರು. ನಾಲ್ಕನೇ ದಿನ ಟ್ಯೂಬ್ ತೆಗೆದರು. ಮನೆಗೆ ಹೋಗುವ ದಿನ ನನ್ನ ಕೈ ಹಿಡಿದು ಥ್ಯಾಂಕ್ಸ್ ಹೇಳಿದರು. ಆ ಥ್ಯಾಂಕ್ಸ್ ನನಗೆ ಸೇರಬೇಕಾದದ್ದಲ್ಲ. ಅಂದಿನಿಂದ ಇಂದಿನವರೆಗೆ ನಾನು "ಎಬಿಜಿ ನಾರ್ಮಲ್" ಅಂತ ಎಲ್ಲೂ ಬರೆದಿಲ್ಲ. ಸಂಖ್ಯೆಗಳನ್ನು ಬರೆಯುತ್ತೇನೆ, ಉಸಿರು ಬರೆಯುತ್ತೇನೆ, ಹಿಂದಿನ ಚೀಟಿಯ ಸಂಖ್ಯೆಯನ್ನು ಪಕ್ಕದಲ್ಲಿ ಇಡುತ್ತೇನೆ.

ಅದಕ್ಕೇ ನನ್ನ ವಿದ್ಯಾರ್ಥಿಗಳಿಗೆ ಒಂದು ಅಭ್ಯಾಸ ಮಾಡಿಸುತ್ತೇನೆ. ಚೀಟಿ ಬರುವ ಮೊದಲು ಅದರಲ್ಲಿ ಏನಿರುತ್ತದೆ ಅಂತ ಊಹಿಸಿ ಬರೆದಿಡಬೇಕು. ಮಂಚದ ಪಕ್ಕ ನಿಂತು ಒಂದು ನಿಮಿಷ ಪೂರ್ತಿ ಉಸಿರು ಎಣಿಸಬೇಕು. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದಲ್ಲ. ರೋಗಿ ಒಂದೇ ಉಸಿರಿನಲ್ಲಿ ಎಷ್ಟು ಮಾತು ಆಡಬಲ್ಲರು? ಕುತ್ತಿಗೆಯ ಸ್ನಾಯು ಎಳೆಯುತ್ತಿದೆಯಾ? ಯಾಕಾಗಿ ಆಸ್ಪತ್ರೆಗೆ ಬಂದರು? ವಾಂತಿ ಆಗ್ತಿತ್ತಾ, ಭೇದಿ ಆಗ್ತಿತ್ತಾ? ವಾಂತಿಯಲ್ಲಿ ಹೊಟ್ಟೆಯ ಆಮ್ಲ ಹೋಗುತ್ತದೆ, ಬೈಕಾರ್ಬ್ ಏರುತ್ತದೆ. ಭೇದಿಯಲ್ಲಿ ಬೈಕಾರ್ಬೇ ಹೋಗುತ್ತದೆ. ಇಷ್ಟು ನೋಡಿದ ಮೇಲೆ ಜೇಬಿನ ಪುಸ್ತಕದಲ್ಲಿ ಬರೆ: ಪಿಎಚ್ ಏರಿರುತ್ತಾ ಇಳಿದಿರುತ್ತಾ, ಸಿಓಟು ಎಷ್ಟಿರಬಹುದು. ಆಮೇಲೆ ಯಂತ್ರದ ಹತ್ತಿರ ಹೋಗು.

ಊಹೆ ತಪ್ಪಾದರೆ ನನಗೆ ಇನ್ನೂ ಖುಷಿ. ಯಾಕೆಂದರೆ ಆಗ ಹುಡುಗಿ ಮತ್ತೆ ಮಂಚದ ಹತ್ತಿರ ಹೋಗಿ ನೋಡುತ್ತಾಳೆ. ಸರಿ ಉತ್ತರ ಬಂದವಳು ಹೋಗುವುದಿಲ್ಲ.

ಪಿಎಚ್ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು, ಯಾಕೆಂದರೆ ಇದು ಗೊತ್ತಾದ ದಿನ ವಿದ್ಯಾರ್ಥಿಗಳ ಮುಖ ಬದಲಾಗುತ್ತದೆ. 7.4ಕ್ಕೂ 7.1ಕ್ಕೂ ಏನು ಮಹಾ ವ್ಯತ್ಯಾಸ, ಬರೀ ಪಾಯಿಂಟ್ ಮೂರು, ಅಂತ ಅನಿಸುತ್ತದೆ. ಆದರೆ ಪಿಎಚ್ ನೇರ ಅಳತೆ ಅಲ್ಲ. ಡೆನ್ಮಾರ್ಕಿನ ರಸಾಯನ ವಿಜ್ಞಾನಿ ಸೋರೆನ್‌ಸನ್ 1909ರಲ್ಲಿ ಅದನ್ನು ಹಾಗೆ ಹೊಂದಿಸಿದರು: ಪ್ರತಿ ಪಾಯಿಂಟ್ ಮೂರು ಇಳಿದಾಗ ಆಮ್ಲದ ಕಣಗಳು ಎರಡು ಪಟ್ಟು ಆಗುತ್ತವೆ. 7.4ರಲ್ಲಿ ಲೀಟರಿಗೆ 40 ನ್ಯಾನೋಮೋಲ್ ಹೈಡ್ರೋಜನ್ ಅಯಾನ್ ಇರುತ್ತದೆ. 7.1ರಲ್ಲಿ ಅದು ಸುಮಾರು 80. ಜ್ವರದ ಪಟ್ಟಿಯಲ್ಲೋ ನಾಡಿಯ ಲೆಕ್ಕದಲ್ಲೋ ಒಂದು ಅಳತೆ ಎರಡು ಪಟ್ಟಾದರೆ ನಾವು ಸುಮ್ನೆ ಕೂರುತ್ತೇವಾ? ಪಿಎಚ್ ತನ್ನ ಗಾಬರಿಯನ್ನು ಸಣ್ಣ ಸಂಖ್ಯೆಯ ಒಳಗೆ ಮುಚ್ಚಿಟ್ಟುಕೊಂಡಿರುತ್ತದೆ. ಅದನ್ನು ಬಿಚ್ಚಿ ನೋಡಲು ಕಲಿಸಬೇಕು.

ಡೆನ್ಮಾರ್ಕ್ ಅಂದ ಮೇಲೆ 1952ರ ಕತೆ ಹೇಳದೆ ನಾನು ಮುಂದೆ ಹೋಗುವುದಿಲ್ಲ. ಕ್ಲಾಸಿನಲ್ಲೂ ಅಷ್ಟೇ, ಸಿಲಬಸ್ಸಿನಲ್ಲಿ ಇರಲಿ ಬಿಡಲಿ, ಹೇಳಿಯೇ ಹೇಳುತ್ತೇನೆ.

ಆ ವರ್ಷ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೋ ಹಬ್ಬಿತು. ಬ್ಲೆಗ್ಡಾಮ್ ಆಸ್ಪತ್ರೆಗೆ ದಿನವೂ ಹತ್ತಾರು ಜನ ಬರುತ್ತಿದ್ದರು. ಕೆಲವರಿಗೆ ಉಸಿರಾಡುವ, ನುಂಗುವ ಸ್ನಾಯುಗಳೇ ನಿಂತು ಹೋಗುತ್ತಿದ್ದವು. ಇದ್ದದ್ದು ಮೈಯನ್ನು ಒಳಗಿಟ್ಟು ಉಸಿರಾಡಿಸುವ ದೊಡ್ಡ ಡಬ್ಬಿಯಂಥ ಯಂತ್ರ ಒಂದು, ಎದೆಗೆ ಕಟ್ಟುವಂಥವು ಆರು. ಅವುಗಳಿಗೆ ಹಾಕಿದ ಮೊದಲ 31 ರೋಗಿಗಳಲ್ಲಿ 27 ಜನ ತೀರಿಹೋದರು. ಆಗ ಲ್ಯಾಬಿನಲ್ಲಿ ರಕ್ತದ ಒಟ್ಟು ಕಾರ್ಬನ್ ಡೈಆಕ್ಸೈಡ್ ಅಂಶ ಅಳೆಯುತ್ತಿದ್ದರು. ಅದು ತುಂಬಾ ಜಾಸ್ತಿ ಬರುತ್ತಿತ್ತು. ಬೈಕಾರ್ಬ್ ಏರಿದೆ, ಇದು ಯಾವುದೋ ಆಲ್ಕಲೋಸಿಸ್, ಅಂದರೆ ರಕ್ತ ಕ್ಷಾರದ ಕಡೆಗೆ ವಾಲಿರುವ ಸ್ಥಿತಿ, ಇರಬೇಕು ಅಂದುಕೊಂಡರು.

ಸಲಹೆಗೆ ಕರೆಸಿದ ಅರಿವಳಿಕೆ ತಜ್ಞ ಬ್ಯಾರ್ನ್ ಇಬ್ಸೆನ್ ಬೇರೆ ಮಾತು ಹೇಳಿದರು. ಇದು ಆಲ್ಕಲೋಸಿಸ್ ಅಲ್ಲ, ಇವರಿಗೆ ಉಸಿರು ಸಾಲುತ್ತಿಲ್ಲ, ಸಿಓಟು ಒಳಗೇ ಕೂತಿದೆ. ಆಗಸ್ಟ್ 27ರಂದು ಹನ್ನೆರಡು ವರ್ಷದ ಒಬ್ಬ ಹುಡುಗಿಯ ಗಂಟಲಿಗೆ ತೂತು ಮಾಡಿ ಟ್ಯೂಬ್ ಹಾಕಿ, ರಬ್ಬರ್ ಚೀಲ ಒತ್ತಿ ಕೈಯಿಂದಲೇ ಉಸಿರು ಕೊಟ್ಟರು. ಹುಡುಗಿ ಉಳಿದಳು. ಆಸ್ಪತ್ರೆಯ ಲ್ಯಾಬಿನಲ್ಲಿದ್ದ ಪೌಲ್ ಆಸ್ಟ್ರುಪ್ ಪಿಎಚ್ ಅಳೆದು ನೋಡಿದರೆ ರಕ್ತ ಆಮ್ಲದ ಕಡೆಗೇ ವಾಲಿತ್ತು. ಇಬ್ಸೆನ್ ಹೇಳಿದ್ದೇ ಸರಿ. ಒಂದೇ ಸಂಖ್ಯೆಯನ್ನು ಹಿಡಿದುಕೊಂಡು, ಪಿಎಚ್ ಜೊತೆಗಿಟ್ಟು ನೋಡದೆ, ಉಸಿರನ್ನೂ ನೋಡದೆ ಹೆಸರಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ.

ಆದರೆ ನಾನು ಈ ಕತೆ ಹೇಳುವುದು ಇನ್ನೊಂದು ಕಾರಣಕ್ಕೆ. ಅಷ್ಟು ಜನರಿಗೆ ಚೀಲ ಒತ್ತಲು ಯಂತ್ರ ಇರಲಿಲ್ಲ. ಹಗಲು ರಾತ್ರಿ ಪಾಳಿಯ ಮೇಲೆ ಕೂತು ಒತ್ತಿದವರು ವಿದ್ಯಾರ್ಥಿಗಳು. ಸುಮಾರು 1500 ಜನ. ನೂರಕ್ಕೆ 80ಕ್ಕಿಂತ ಹೆಚ್ಚಿದ್ದ ಸಾವು 40ರ ಆಸುಪಾಸಿಗೆ ಇಳಿಯಿತು. ನನ್ನ ಎದುರು ಬೆಂಚಿನಲ್ಲಿ ಕೂತವರ ವಯಸ್ಸಿನ ಹುಡುಗ ಹುಡುಗಿಯರು ಒಂದೊಂದು ಮಂಚದ ಪಕ್ಕ ಕೂತು, ಇನ್ನೊಬ್ಬರ ಉಸಿರನ್ನು ಕೈಯಲ್ಲಿ ಹಿಡಿದಿದ್ದರು. ಜಾಸ್ತಿ ಒತ್ತಿದರೆ ಸಿಓಟು ಇಳಿಯುತ್ತದೆ, ಕಡಿಮೆ ಒತ್ತಿದರೆ ಏರುತ್ತದೆ. ಈ ಪಾಠ ಅವರ ಬೆರಳಿಗೇ ಗೊತ್ತಿತ್ತು. ಕೆಲವೇ ವರ್ಷಗಳಲ್ಲಿ ಲೇಲಂಡ್ ಕ್ಲಾರ್ಕ್ ಆಮ್ಲಜನಕ ಅಳೆಯುವ ಎಲೆಕ್ಟ್ರೋಡ್ ತಂದರು, ಜಾನ್ ಸೆವೆರಿಂಗ್‌ಹಾಸ್ ಸಿಓಟು ಎಲೆಕ್ಟ್ರೋಡನ್ನು ಕೆಲಸಕ್ಕೆ ಒದಗುವ ಹಾಗೆ ಮಾಡಿದರು. ಇವತ್ತು ನಮ್ಮ ಮೂಲೆಯಲ್ಲಿ ಕೂತು ಚೀಟಿ ಉಗುಳುವ ಯಂತ್ರ ಅಲ್ಲಿಂದ ಬಂದದ್ದು.

ಚೀಟಿ ಓದುವುದು ಒಂದು ಕಡೆ, ಓದಲು ಯೋಗ್ಯವಾದ ಚೀಟಿ ಬರುವುದು ಇನ್ನೊಂದು ಕಡೆ. ಸಿರಿಂಜಿನಲ್ಲಿ ಗಾಳಿಯ ಗುಳ್ಳೆ ಉಳಿದರೆ ಆಮ್ಲಜನಕದ ಅಂಕಿ ಕೆಡುತ್ತದೆ, ಸಿಓಟು ಸುಳ್ಳು ಸುಳ್ಳೇ ಇಳಿಯುತ್ತದೆ. ರಕ್ತ ಹೆಪ್ಪುಗಟ್ಟದಿರಲಿ ಅಂತ ಸಿರಿಂಜಿಗೆ ಹಾಕುವ ಹೆಪಾರಿನ್ ದ್ರವ ಜಾಸ್ತಿ ಉಳಿದರೆ ರಕ್ತ ತೆಳುವಾಗಿ ಬೈಕಾರ್ಬೂ ಸಿಓಟೂ ಕಡಿಮೆ ತೋರಿಸುತ್ತವೆ. ಮೇಜಿನ ಮೇಲೆ ಅರ್ಧ ಗಂಟೆಗಿಂತ ಜಾಸ್ತಿ ಇಟ್ಟರೆ ರಕ್ತಕಣಗಳು ಜೀವ ಇರುವ ತನಕ ಆಮ್ಲಜನಕ ತಿನ್ನುತ್ತಲೇ ಇರುತ್ತವೆ. ಇಷ್ಟು ಪುಸ್ತಕದಲ್ಲೂ ಇದೆ. ಪುಸ್ತಕದಲ್ಲಿ ಇದ್ದೂ ಎಲ್ಲರೂ ಮರೆಯುವುದು ಇನ್ನೊಂದು: ರಕ್ತ ತೆಗೆದಾಗ ರೋಗಿಗೆ ಎಷ್ಟು ಆಮ್ಲಜನಕ ಹೋಗುತ್ತಿತ್ತು ಅಂತ ಬರೆಯುವುದು. ಆಮ್ಲಜನಕದ ಒತ್ತಡ 95 ಅಂತ ಬಂದಿದೆ. ಸಾಮಾನ್ಯ ಗಾಳಿ ಉಸಿರಾಡುವವರಿಗೆ ಅದು ಚೆನ್ನಾಗಿದೆ. 60 ಪರ್ಸೆಂಟ್ ಆಮ್ಲಜನಕದ ಮೇಲೆ ಇರುವವರಿಗೆ ಅದೇ 95 ಬಂದರೆ ಶ್ವಾಸಕೋಶ ಬಹಳ ಕೆಟ್ಟಿದೆ ಅಂತ ಅರ್ಥ. ಆ ಒಂದು ಸಾಲು ಬರೆಯದಿದ್ದರೆ ಓದುವವರು ಕತ್ತಲಲ್ಲಿ ಕೈ ಆಡಿಸಬೇಕು.

ಒಮ್ಮೆ ಒಬ್ಬ ಹುಡುಗ ಗಾಬರಿಯಿಂದ ಓಡಿ ಬಂದ. ಆಮ್ಲಜನಕ 38, ಸ್ಯಾಚುರೇಷನ್ 72 ಅಂತ ಚೀಟಿ. ಹೋಗಿ ನೋಡಿದರೆ ರೋಗಿ ಎದ್ದು ಕೂತು ಪೇಪರ್ ಓದುತ್ತಿದ್ದಾರೆ. ಬೆರಳಿನ ಪ್ರೋಬ್ 97 ತೋರಿಸುತ್ತಿದೆ. ಸೂಜಿ ಅಪಧಮನಿಗೆ ಹೋಗದೆ ಪಕ್ಕದ ಅಭಿಧಮನಿಗೆ, ಅಂದರೆ ಆಮ್ಲಜನಕ ಬಿಟ್ಟುಕೊಟ್ಟು ವಾಪಸ್ ಹೋಗುವ ರಕ್ತದ ನಾಳಕ್ಕೆ, ಹೋಗಿತ್ತು. ಅವನು ನಾಚಿಕೊಂಡ. ನಾಚಿಕೆ ಬೇಡ, ಚೀಟಿಗೂ ಮನುಷ್ಯನಿಗೂ ತಾಳೆ ಆಗದಿದ್ದಾಗ ಮನುಷ್ಯನನ್ನು ನಂಬು ಅಂತ ಹೇಳಿದೆ. ಮತ್ತೆ ಇಬ್ಬರೂ ಸೇರಿ ಸರಿಯಾಗಿ ತೆಗೆದೆವು.

ಸೂಜಿ ತೆಗೆದ ಮೇಲಿನ ಐದು ನಿಮಿಷ ನನಗೆ ಬಹಳ ಇಷ್ಟ. ಗಾಜ್ ಇಟ್ಟು ಮಣಿಕಟ್ಟನ್ನು ಒತ್ತಿ ಹಿಡಿಯಬೇಕು. ಕನಿಷ್ಠ ಐದು ನಿಮಿಷ, ರಕ್ತ ತೆಳುವಾಗುವ ಔಷಧಿ ತೆಗೆದುಕೊಳ್ಳುವವರಿಗೆ ಇನ್ನೂ ಜಾಸ್ತಿ. ಬಿಟ್ಟು ಹೋಗುವ ಹಾಗಿಲ್ಲ. ಬೆರಳ ಕೆಳಗೆ ನಾಡಿ ಬಡಿಯುತ್ತಿರುತ್ತದೆ. ಎದುರಿಗೆ ಎದೆ ಏರಿ ಇಳಿಯುತ್ತಿರುತ್ತದೆ. ಅಪಧಮನಿಗೆ ಸೂಜಿ ಹಾಕಿದರೆ ಸಾಮಾನ್ಯ ರಕ್ತ ಪರೀಕ್ಷೆಗಿಂತ ಜಾಸ್ತಿ ನೋಯುತ್ತದೆ. ಹಾಗಾಗಿ ರೋಗಿಗೂ ಆಗ ಒಂದು ಕೈ ಬೇಕಿರುತ್ತದೆ. ಸ್ಯಾಂಪಲ್ ಇನ್ನೊಬ್ಬರು ತೆಗೆದುಕೊಂಡು ಹೋಗಲಿ, ನೀನು ಇಲ್ಲೇ ನಿಂತು ಉಸಿರು ಎಣಿಸು ಅಂತ ವಿದ್ಯಾರ್ಥಿಗೆ ಹೇಳುತ್ತೇನೆ. ನಮ್ಮ ಕೆಲಸದಲ್ಲಿ ಒಬ್ಬರ ಪಕ್ಕ ಐದು ನಿಮಿಷ ಸುಮ್ಮನೆ ನಿಲ್ಲಲು ಯಾರು ಬಿಡುತ್ತಾರೆ?

ಮೆಟಬಾಲಿಕ್ ಭಾಗಕ್ಕೆ ಬಂದಾಗ ಒಂದೇ ರೋಗಿಯನ್ನು ಇಟ್ಟುಕೊಂಡು ಇಡೀ ಕ್ಲಾಸು ನಡೆಸುತ್ತೇನೆ. ಸಕ್ಕರೆ ಕಾಯಿಲೆ ಹತೋಟಿ ತಪ್ಪಿ ರಕ್ತದಲ್ಲಿ ಕೀಟೋನ್ ಅನ್ನುವ ಆಮ್ಲ ತುಂಬಿದವರು. ಪಿಎಚ್ 7.22, ಸಿಓಟು 20, ಬೈಕಾರ್ಬ್ 8. ಆಳವಾಗಿ, ಜೋರಾಗಿ, ನಿಲ್ಲದೆ ಉಸಿರಾಡುತ್ತಿರುತ್ತಾರೆ. ಜರ್ಮನಿಯ ವೈದ್ಯ ಕುಸ್‌ಮೌಲ್ 1874ರಲ್ಲಿ ಈ ಉಸಿರನ್ನು ವಿವರಿಸಿದರು, ಅವರ ಹೆಸರೇ ಇದಕ್ಕೆ ಉಳಿದಿದೆ. ಒಮ್ಮೆ ಒಬ್ಬಳು ವಿದ್ಯಾರ್ಥಿನಿ ಕನಿಕರದಿಂದ ಕೇಳಿದಳು, "ಇಷ್ಟು ಕಷ್ಟ ಪಡ್ತಿದ್ದಾರಲ್ಲ ಮೇಡಂ, ಸ್ವಲ್ಪ ನಿದ್ದೆ ಬರೋ ಔಷಧಿ ಕೊಡಬಾರದಾ?"

ಆ ಪ್ರಶ್ನೆಯನ್ನು ನಾನು ಇವತ್ತಿಗೂ ಪ್ರತಿ ಬ್ಯಾಚಿಗೆ ಹೇಳುತ್ತೇನೆ. ಅವಳು ನೋಡಿದ ಕಷ್ಟ ನಿಜ. ಆದರೆ ಆ ಉಸಿರೇ ಅವರನ್ನು ಬದುಕಿಸಿಟ್ಟಿದೆ. ರಕ್ತದಲ್ಲಿ ಆಮ್ಲ ತುಂಬುತ್ತಿದೆ, ಶ್ವಾಸಕೋಶ ಸಿಓಟುವನ್ನು ಹೊರಗೆ ಹಾಕಿ ಅದಕ್ಕೆ ಸಾಟಿ ನಿಲ್ಲುತ್ತಿದೆ. ಎಷ್ಟು ಹಾಕಬೇಕು ಅನ್ನುವುದಕ್ಕೂ ಒಂದು ಲೆಕ್ಕ ಇದೆ. ಬೈಕಾರ್ಬನ್ನು ಒಂದೂವರೆಯಿಂದ ಗುಣಿಸಿ 8 ಕೂಡಿಸಿದರೆ ಸಿಓಟು ಎಷ್ಟಿರಬೇಕು ಅಂತ ಬರುತ್ತದೆ, ಎರಡು ಆಚೆ ಈಚೆ. ವಿಂಟರ್ಸ್ ಫಾರ್ಮುಲಾ ಅಂತ ಹೆಸರು. ಇಲ್ಲಿ 12ಕ್ಕೆ 8 ಸೇರಿ 20. ಸರಿಯಾಗಿಯೇ ಇದೆ.

ಈಗ ಬೋರ್ಡಿನಲ್ಲಿ ಎರಡು ಗಂಟೆ ಮುಂದಕ್ಕೆ ಹೋಗುತ್ತೇನೆ. ಬೈಕಾರ್ಬ್ ಅದೇ 8. ಸಿಓಟು 29. "ಹೇಗಿದ್ದಾರೆ?" ಅಂತ ಕೇಳಿದರೆ, ಸಿಓಟು ನಾರ್ಮಲ್ ಕಡೆಗೆ ಬರ್ತಿದೆ ಮೇಡಂ ಅನ್ನುತ್ತಾರೆ. ಆಮೇಲೆ ಪಿಎಚ್ ಬರೆಯುತ್ತೇನೆ: 7.06. ಕ್ಲಾಸು ಮತ್ತೆ ಸುಮ್ಮನಾಗುತ್ತದೆ. ನಾರ್ಮಲ್ಲಿಗಿಂತ ಕಡಿಮೆ ಇರುವ ಸಿಓಟು ಕೂಡ ಈ ಮನುಷ್ಯನಿಗೆ ಜಾಸ್ತಿಯೇ. ಇವರಿಗೆ ಬೇಕಾದದ್ದು 20. ಅಷ್ಟು ಜೋರಾಗಿ ಉಸಿರಾಡಲು ಇನ್ನು ಆಗುತ್ತಿಲ್ಲ. ನನ್ನ ಉಬ್ಬಸದ ರೋಗಿಯ ಕತೆಯನ್ನು ಹೇಳುವುದು ಆಗ, ಅದಕ್ಕೆ ಮೊದಲು ಹೇಳುವುದಿಲ್ಲ.

ಇದೆಲ್ಲ ಡಾಕ್ಟರು ನೋಡಿಕೊಳ್ಳುವ ವಿಷಯ, ನರ್ಸಿಗೆ ಯಾಕೆ ಅಂತ ಕೇಳುವವರು ಈಗಲೂ ಇದ್ದಾರೆ. ಚಿಕಿತ್ಸೆ ನಿರ್ಧಾರ ಮಾಡುವುದು ಡಾಕ್ಟರೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ರಾತ್ರಿ ಎರಡು ಗಂಟೆಗೆ ಆ ಚೀಟಿಯನ್ನು ಮೊದಲು ಕೈಗೆ ತೆಗೆದುಕೊಳ್ಳುವವರು ಯಾರು? ಮಂಚದ ಪಕ್ಕ ಎಂಟು ಗಂಟೆ ಇದ್ದವರು ಯಾರು? ಫೋನ್ ಮಾಡಿ "ಡಾಕ್ಟರ್, ಎಬಿಜಿ ಬಂದಿದೆ" ಅಂತ ಹೇಳುವುದು ಒಂದು. "ಡಾಕ್ಟರ್, ಸಂಜೆ ಸಿಓಟು 44 ಇತ್ತು, ಈಗ 58. ಪಿಎಚ್ 7.27. ಉಸಿರು ನಿಮಿಷಕ್ಕೆ 9, ಕೂಗಿದರೆ ಮಾತ್ರ ಕಣ್ಣು ಬಿಡ್ತಾರೆ, ಎಂಟು ಗಂಟೆಗೆ ಮಾರ್ಫಿನ್ ಹೋಗಿದೆ. ದಯವಿಟ್ಟು ಈಗಲೇ ಬನ್ನಿ" ಅಂತ ಹೇಳುವುದು ಇನ್ನೊಂದು. ಎರಡನೇ ಫೋನಿಗೆ ಡಾಕ್ಟರು ಓಡಿ ಬರುತ್ತಾರೆ. ಕ್ಲಾಸಿನಲ್ಲಿ ನಾನು ಈ ಫೋನ್ ಮಾತನ್ನು ಬಾಯಿಬಿಟ್ಟು ಆಡಿಸುತ್ತೇನೆ. ಒಬ್ಬರು ನರ್ಸು, ಒಬ್ಬರು ನಿದ್ದೆಗಣ್ಣಿನ ಡಾಕ್ಟರು. ಮೊದಲ ದಿನ ಎಲ್ಲರೂ ತಡವರಿಸುತ್ತಾರೆ. ಪರವಾಗಿಲ್ಲ.

ಒಂದು ಸಿಟ್ಟು ನನಗೆ ಈಗಲೂ ಇದೆ. ಬಹಳ ಚಾರ್ಟುಗಳಲ್ಲಿ ಉಸಿರಿನ ಕಾಲಂ ನೋಡಿ. 20, 20, 20, 20. ಇಡೀ ವಾರ್ಡು ಒಂದೇ ತಾಳಕ್ಕೆ ಉಸಿರಾಡುವುದು ಸಾಧ್ಯವಾ? ನಾಡಿ, ಬಿಪಿ, ಸ್ಯಾಚುರೇಷನ್ ಎಲ್ಲಕ್ಕೂ ಯಂತ್ರ ಬಂದಿದೆ. ವಾರ್ಡಿನಲ್ಲಿ ಉಸಿರು ಮಾತ್ರ ಇನ್ನೂ ನಮ್ಮ ಕಣ್ಣಿಗೆ ಬಿಟ್ಟದ್ದು, ಅದನ್ನೇ ನಾವು ಊಹೆಯಿಂದ ತುಂಬುತ್ತೇವೆ. ಬೆರಳಿನ ಪ್ರೋಬ್ ಸಿಓಟು ತೋರಿಸುವುದಿಲ್ಲ. ಆಮ್ಲಜನಕ ಹಾಕಿದ ರೋಗಿಯ ಸ್ಯಾಚುರೇಷನ್ 96 ಇದ್ದುಕೊಂಡೇ ಸಿಓಟು 80ಕ್ಕೆ ಏರಬಹುದು.

ಕಳೆದ ಬ್ಯಾಚಿನ ಒಬ್ಬಳು ಹುಡುಗಿ. ಕೈಕಾಲಿನ ಬಲ ದಿನದಿಂದ ದಿನಕ್ಕೆ ಕುಂದುತ್ತಾ ಬಂದಿದ್ದ ರೋಗಿಯ ಹತ್ತಿರ ಅವಳ ಡ್ಯೂಟಿ. ನಾನು ಹೇಳಿದ ಹಾಗೆಯೇ ಒಂದು ನಿಮಿಷ ಪೂರ್ತಿ ಎಣಿಸಿದ್ದಳು. 28. ಉಸಿರು ಇಷ್ಟು ಜೋರಿದೆ, ಸಿಓಟು ಇಳಿದಿರುತ್ತದೆ ಅಂತ ಜೇಬಿನ ಪುಸ್ತಕದಲ್ಲಿ 30 ಅಂತ ಬರೆದಿದ್ದಳು. ಚೀಟಿಯಲ್ಲಿ ಬಂದದ್ದು 61. ಚೀಟಿ ಹಿಡಿದು ನೇರ ನನ್ನ ಹತ್ತಿರ ಬಂದಳು.

"ಮೇಡಂ, ಎಣಿಸಿದ್ದು ಸರಿ ಇದೆ. ಎರಡು ಸಲ ಎಣಿಸಿದೆ. ಎಲ್ಲಿ ತಪ್ಪಿದೆ?"

ಒಬ್ಬ ಸಿಸ್ಟರಿಗೆ ಡಾಕ್ಟರನ್ನು ಕರೆಯಲು ಹೇಳಿ ಅವಳನ್ನು ಮಂಚದ ಹತ್ತಿರ ಕರೆದುಕೊಂಡು ಹೋದೆ. ರೋಗಿಯ ಒಪ್ಪಿಗೆ ಕೇಳಿ, ಅವಳ ಅಂಗೈಯನ್ನು ಅವರ ಎದೆಯ ಮೇಲೆ ಇಡಿಸಿದೆ. "ಕಣ್ಣು ಮುಚ್ಚಿ ನೋಡು. ಕೈ ಎಷ್ಟು ಏಳ್ತಿದೆ?"

ಸ್ವಲ್ಪ ಹೊತ್ತು ಬಿಟ್ಟು ಅಂದಳು, "ಏಳ್ತಾನೇ ಇಲ್ಲ ಮೇಡಂ."

ಪುಸ್ತಕ ತೆಗೆದು ಲೆಕ್ಕ ಮಾಡು ಅಂದೆ. ಆರೋಗ್ಯವಂತರು ನಿಮಿಷಕ್ಕೆ 14 ಸಲ, ಸಲಕ್ಕೆ 500 ಎಂಎಲ್. ಒಟ್ಟು ಏಳು ಲೀಟರ್. ಇವರು 28 ಸಲ, ಸಲಕ್ಕೆ 250 ಅಂದುಕೊ. ಅದೂ ಏಳೇ ಲೀಟರ್. ಆದರೆ ಪ್ರತಿ ಉಸಿರಿನಲ್ಲೂ ಸುಮಾರು 150 ಎಂಎಲ್ ಗಂಟಲು, ಶ್ವಾಸನಾಳಗಳಲ್ಲೇ ಉಳಿದುಬಿಡುತ್ತದೆ, ಕೆಲಸಕ್ಕೆ ಬರುವುದಿಲ್ಲ. ಅದನ್ನು ಕಳೆ. ಅವಳ ಪೆನ್ನು ಓಡಿತು. ಒಂದು ಕಡೆ 4.9 ಲೀಟರ್. ಇನ್ನೊಂದು ಕಡೆ 2.8. ಆ ಎರಡು ಸಂಖ್ಯೆಗಳನ್ನು ನೋಡುತ್ತಾ ನಿಂತಳು.

ಅಷ್ಟರಲ್ಲಿ ಡಾಕ್ಟರು ಬಂದರು. "ಏನಾಯ್ತು?" ಅಂತ ಅವರು ಕೇಳಿದ್ದು ನನ್ನನ್ನು. ನಾನು ಅವಳ ಕಡೆ ನೋಡಿದೆ.

"ಉಸಿರು 28 ಇದೆ ಡಾಕ್ಟರ್," ಅಂದಳು ಅವಳು. ಕೈ ಇನ್ನೂ ರೋಗಿಯ ಎದೆಯ ಮೇಲೇ ಇತ್ತು. "ಆದ್ರೆ ಒಳಗೆ ಹೋಗ್ತಿಲ್ಲ."